ಎಂಜಿನ್ ಕೆಳಗಿನ ತಟ್ಟೆ

ಸತ್ತ ಗಂಡನ ಉಗುರಿನ ಸಂದಿಯ ಕಪ್ಪನ್ನು ಆಕೆ ಸೀಮೆಎಣ್ಣೆ ಬಟ್ಟೆಯಿಂದ ಉಜ್ಜಿಯೇ ಉಜ್ಜಿದಳು; ಅದು ಜಪ್ಪಯ್ಯ ಅಂದರೂ ಹೋಗಲಿಲ್ಲ.

"ಸಾಕು ಬಿಡಿ ಅತ್ತಿಗೆ," ಎಂದ ಮೈದುನ, ವಿಮಾನಕ್ಕೆ ಸರಕು ಹತ್ತಿಸುವವನು. "ಆ ಕಪ್ಪಿಲ್ಲದಿದ್ರೆ ಇವನು ನಮ್ಮಣ್ಣ ಅಂತ ಯಾರು ನಂಬ್ತಾರೆ?"

ಅಂಗಳದಲ್ಲಿ ಕೂತವರ ಬಾಯಲ್ಲೂ ವಿಮಾನದ್ದೇ ಮಾತು. ಎರಡು ಪ್ರೊಪೆಲ್ಲರಿನ ಆ ಮುದಿಯ, ಜೀವನವಿಡೀ ತನ್ನನ್ನು ರಿಪೇರಿ ಮಾಡಿದ ಈ ಮೇಸ್ತ್ರಿಗಿಂತ ವಯಸ್ಸಿನಲ್ಲಿ ಹಿರಿಯ. ಮದುಮಗಳು, ಆಡು, ಸಿಮೆಂಟು, ಹೆಣ, ಯಾವುದನ್ನೂ ಒಲ್ಲೆ ಎಂದದ್ದಿಲ್ಲ. ಅದರ ನಂತರ ಬಂದ ಹೊಸ ವಿಮಾನಗಳೆಲ್ಲ ಗುಜರಿ ಸೇರಿದವು. ಈಗ ಅದನ್ನು ಹಾರಿಸುವವಳು ಮೇಸ್ತ್ರಿಯ ಮಗಳೇ. ಅಪ್ಪನನ್ನು ಎತ್ತುವ ಹೊತ್ತಿಗೆ ಮನೆಯ ಮೇಲೊಂದು ಸುತ್ತು ಹಾಕಿ, ಬೆಟ್ಟದಾಚೆಗೆ ತುರ್ತಾಗಿ ಬೇಕಾದ ಔಷಧಿ ಇಳಿಸಿ ಬರುತ್ತೇನೆಂದು ಹೊರಟಿದ್ದಳು.

*

ಮದುವೆಯಾದ ಹೊಸತರಲ್ಲಿ ಆಕೆ ಗಂಡನಿಗೆ ಬುತ್ತಿ ಕೊಡಲು ವಿಮಾನದ ಶೆಡ್ಡಿಗೆ ಹೋಗಿದ್ದಳು. ಎಂಜಿನ್ ಕೆಳಗಿನ ತಗಡಿನ ತಟ್ಟೆಗೆ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಇದೇನ್ರೀ, ಸೋರ್ತಾ ಇದೆ?"

"ಸೋರ್ಲಿ ಬಿಡೇ. ಸೋರ್ತಿದೆ ಅಂದ್ರೆ ಒಳಗೆ ಎಣ್ಣೆ ಇದೆ ಅಂತ. ಎಣ್ಣೆ ಮೀಟರಿನ ಮುಳ್ಳು ಎಂದೋ ಕೈಕೊಟ್ಟಿದೆ, ನಂಗೆ ಈ ತಟ್ಟೇನೇ ಮೀಟರು. ಇದು ಒಣಗಿರೋ ದಿನ ಮಾತ್ರ ಯಾರನ್ನೂ ಹತ್ತೋಕೆ ಬಿಡಬಾರದು."

ಅವಳಿಗೆ ನಗು ಬಂದಿತ್ತು. ಅವನು ನಗದೆ ತಟ್ಟೆಯನ್ನೇ ನೋಡುತ್ತಿದ್ದ.

*

ಮೈದುನ ಚೀಲದಿಂದ ಅದೇ ತಟ್ಟೆ ತೆಗೆದು ಅಣ್ಣನ ಕಾಲ ಬಳಿ ಇಟ್ಟ.

"ಜೊತೆಗೆ ಹೋಗ್ಲಿ ಅಂತ ತಂದೆ. ನೋಡಿ ಅತ್ತಿಗೆ, ಇವತ್ತು ಒಂದು ಹನೀನೂ ಬಿದ್ದಿಲ್ಲ. ವಿಮಾನಕ್ಕೂ ದುಃಖ ಆಗಿದೆ."

ಆಕೆ ತಟ್ಟೆಯೊಳಗೆ ಬೆರಳಾಡಿಸಿದಳು. ಬೆರಳಿಗೆ ಬರೀ ಧೂಳು ಹತ್ತಿತು.

"ಒರೆಸಿದ್ಯೇನೋ?"

"ಇಲ್ಲ, ಹೀಗೇ ಇತ್ತು."

"ಅವರು ಹಾಸಿಗೆ ಹಿಡಿದ ಮೇಲೆ ಎಣ್ಣೆ ಯಾರು ತುಂಬಿಸಿದ್ರು?"

"ದಿನಾ ಅಣ್ಣನೇ ಅಲ್ವಾ..." ಮೈದುನ ತಾನೂ ತಟ್ಟೆ ಮುಟ್ಟಿ ನೋಡಿದ. "ಮಗಳೇ ಹಾಕಿರ್ತಾಳೆ ಅಂದ್ಕೊಂಡೆ."

"ನೀನು ಹಾಕಿರ್ತೀಯ ಅಂತ ಅವಳು ಅಂದ್ಕೊಂಡಿರ್ತಾಳೆ! ಫೋನ್ ಮಾಡೋ!"

ಮಾಡಿದ. ಹೆಣದ ದಿಂಬಿನ ಪಕ್ಕದಲ್ಲೇ ರಿಂಗಾಯಿತು. ಅಪ್ಪನ ಹಣೆ ಮುಟ್ಟಿ ಏಳುವಾಗ ಮಗಳು ಫೋನನ್ನು ಅಲ್ಲೇ ಮರೆತು ಹೋಗಿದ್ದಳು.

ಅಷ್ಟರಲ್ಲಿ ಮಾಡಿನ ಮೇಲೆ ಪರಿಚಿತವಾದ ಆ ಗುಡುಗು. ಅಂಗಳದವರೆಲ್ಲ ಎದ್ದು ನಿಂತು ಕೈ ಬೀಸತೊಡಗಿದರು. ಆಕೆ ಅವರನ್ನು ತಳ್ಳಿಕೊಂಡು ಓಡಿಬಂದು, ಎರಡೂ ಕೈ ಎತ್ತಿ ಬೀಸುತ್ತ, "ಇಳಿಯೇ ಮಗಳೇ, ಇಳಿಯೇ!" ಎಂದು ಗಂಟಲು ಹರಿಯುವಂತೆ ಕೂಗಿದಳು.

ಮೇಲಿದ್ದವಳಿಗೆ ತಾಯಿ ಕಂಡಳು. ತಾನೂ ಕೈ ಬೀಸುವಂತೆ ವಿಮಾನ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ರೆಕ್ಕೆ ವಾಲಿಸಿ, ಬೆಟ್ಟದ ಕಡೆಗೆ ತಿರುಗಿತು.