ಕಡಿಮೆ ಬಿದ್ದ ಅರವತ್ನಾಲ್ಕು

ಹೊಸ ಆಟದಲ್ಲಿ ರಸ್ತೆ ಮಳೆಗೆ ನೆನೆದು ಹೊಳೆಯುತ್ತಿತ್ತು. ಅಂಗಡಿ ದೀಪಗಳು ಕಾರಿನ ಮೈಮೇಲೆ ಮೂಡಿ ಮರೆಯಾಗುತ್ತಿದ್ದವು. ಅದೆಲ್ಲ ಸಿ.ಡಿ. ಹೊದಿಕೆಯ ಚಿತ್ರದಲ್ಲಿ. ವಿಜಯನ ಕಂಪ್ಯೂಟರಿನಲ್ಲಿ ಕಾರು ಒಂದಿಷ್ಟು ದೂರ ಓಡಿ ನಿಲ್ಲುತ್ತಿತ್ತು, ಮತ್ತೆ ಜಿಗಿದು ಗೋಡೆಗೆ ಬಡಿಯುತ್ತಿತ್ತು. ಇದೇ ಆಟದ ಹಳೆಯ ಸಿ.ಡಿ. ಇದೇ ಪೆಟ್ಟಿಗೆಯಲ್ಲಿ ಸಲೀಸಾಗಿ ಓಡಿತ್ತು.

ಹೊದಿಕೆಯ ಹಿಂದೆ ಸಣ್ಣ ಅಕ್ಷರದಲ್ಲಿ, ಕಂಪ್ಯೂಟರಿಗೆ ೨೫೬ ಎಂ.ಬಿ. ಮೆಮರಿ ಬೇಕು ಎಂದಿತ್ತು. ಬಾಳು ಜೋಡಿಸಿ ಕೊಟ್ಟಾಗ ಅಷ್ಟೇ ಹಾಕಿದ್ದ. ಖಾತ್ರಿಗೆಂದು ವಿಜಯ ಮೈ ಕಂಪ್ಯೂಟರ್ ತೆರೆದು ನೋಡಿದ. ೧೯೨ ಎಂದಿತ್ತು. ಮತ್ತೆ ನೋಡಿದ. ಅಷ್ಟೇ ಇತ್ತು.

ಬಾಳು ನೇಸರಗಿಯವನು. ಪಿಯುಸಿವರೆಗೆ ವಿಜಯನ ಜೊತೆ ಓದಿ, ಬೆಳಗಾವಿಯಲ್ಲಿ ಹಾರ್ಡ್‌ವೇರ್ ಕಲಿತು, ಬೈಲಹೊಂಗಲ ಬಸ್‌ಸ್ಟ್ಯಾಂಡಿನ ಹಿಂದೆ ಸಣ್ಣ ಅಂಗಡಿ ಹಾಕಿದ್ದ. ಹಿಂದಿನ ವಾರ ಕರೆಂಟು ಏರಿಳಿದು ಕಂಪ್ಯೂಟರಿನ ಪವರ್ ಸಪ್ಲೈ ಸುಟ್ಟಾಗ ಪೆಟ್ಟಿಗೆಯನ್ನು ಚಾದರದಲ್ಲಿ ಸುತ್ತಿಕೊಂಡು ಒಯ್ದಿದ್ದ. ಮರುದಿನ ತಂದಿಟ್ಟಿದ್ದ. ಒಂದು ರಾತ್ರಿ ಅದು ಅವನ ಅಂಗಡಿಯಲ್ಲಿತ್ತು.

ವಿಜಯ ಊಟಕ್ಕೆ ಕೂತಾಗ ಈ ಮಾತು ತೆಗೆದ. ತೆಗೆಯಬಾರದಿತ್ತು. ಅಪ್ಪ ನಿಜಗುಣಪ್ಪ ಮಾರ್ಕೆಟ್ಟಿನಲ್ಲಿ ಹತ್ತಿಯ ದಲಾಲ. ಪತ್ತಿನ ಸೊಸೈಟಿಯೊಂದರ ಡೈರೆಕ್ಟರ್ ಕೂಡ. ಆ ಸೊಸೈಟಿಗೆ ಆರು ಕಂಪ್ಯೂಟರ್ ಬೇಕಾಗಿದ್ದವು, ಬಾಳುವಿಗೇ ಕೊಡೋಣ ಎಂದು ಅಪ್ಪನೇ ಹೇಳಿದ್ದ. ಸೋಮವಾರದ ಮೀಟಿಂಗಿನಲ್ಲಿ ಅದು ತೀರ್ಮಾನವಾಗಬೇಕಿತ್ತು. ಆರು ಕಂಪ್ಯೂಟರಿನ ಕೆಲಸ ಸಿಕ್ಕರೆ ಬಾಳುವಿನ ಅಂಗಡಿ ನಿಲ್ಲುತ್ತಿತ್ತು. ಕಳ್ಳ ಎನ್ನುವ ಮಾತು ಮಾರ್ಕೆಟ್ಟಿಗೆ ಹೋದರೆ ಅವನು ಬೈಲಹೊಂಗಲದಲ್ಲಿ ಸ್ಕ್ರೂಡ್ರೈವರ್ ಹಿಡಿಯುವಂತಿರಲಿಲ್ಲ.

"ಎಷ್ಟ ಕಡಿಮಿ ಬಿದ್ದೈತಿ?" ಅಂದ ನಿಜಗುಣಪ್ಪ.

"ಅರವತ್ನಾಕು."

"ಇನ್ನೂರೈವತ್ತಾರಕ್ಕ ಅರವತ್ನಾಕು! ನಾಕರಾಗ ಒಂದ ಪಾಲು." ಅವನು ರೊಟ್ಟಿ ಬಿಟ್ಟು ಎದ್ದ. ಅಕ್ಕಸಾಲಿ ಬಂಗಾರ ಕರಗಿಸುವಾಗ ಎದುರಿಗೇ ಕೂತು ರೆಪ್ಪೆ ಬಡಿಯದೆ ನೋಡುವ ಮನುಷ್ಯ.

"ನಾ ಅವತ್ತ ಹೇಳಿದ್ದೆ," ಅಂದಳು ಅವ್ವ ಸಾವಿತ್ರೆವ್ವ. "ಗಿರಣಿಗೆ ಜ್ವಾಳ ಒಯ್ದರ ಹಿಟ್ಟು ಬೀಳೂತನಕ ನಾ ಅಲ್ಲೇ ನಿಂದರತೇನಿ. ನೀವು ಇಷ್ಟ ದೊಡ್ಡ ಮಷೀನ ಚಾದರದಾಗ ಕಟ್ಟಿ ಕಳಿಸಿದ್ರಿ."

ಹೇಳಿ ಕಳಿಸಿದ ಮೇಲೆ ಬಾಳು ಬಂದಾಗ ಯಾರೂ ಕುಂದರು ಎನ್ನಲಿಲ್ಲ. ಅವನು ಪರದೆಯ ಮೇಲಿನ ೧೯೨ ನೋಡಿದ, ಆಮೇಲೆ ವಿಜಯನನ್ನು ನೋಡಿದ.

"ಇದಕ್ಕ ಕರಿಸಿದ್ರೇನ್ರಿ ಕಾಕಾ?"

"ಮತ್ತ ಚಾ ಕುಡಿಯಾಕ ಕರಿಸಿಲ್ಲ. ಎಲ್ಲೈತಿ ಉಳದಿದ್ದು?"

ಬಾಳು ಪೆಟ್ಟಿಗೆಯ ಬದಿ ಬಿಚ್ಚಿ ಮೆಮರಿ ಪಟ್ಟಿಯನ್ನು ಹೊರತೆಗೆದ. ಅದರ ಮೇಲೆ ೨೫೬ ಎಂದು ಅಚ್ಚಾಗಿತ್ತು. ಪಕ್ಕದಲ್ಲಿ ಗ್ಯಾರಂಟಿ ಚೀಟಿ, ಅದರ ಮೇಲೆ ಅವನದೇ ಸಹಿ, ಕಂಪ್ಯೂಟರ್ ಕೊಟ್ಟ ದಿನದ ತಾರೀಖು.

"ನೋಡ್ರಿ. ಒಂದ ಪಟ್ಟಿ ಐತಿ. ಅದರಾಗ ಕಾಲುಭಾಗ ಕಡದ ತಗಿಯಾಕ ಬರೂದಿಲ್ಲ."

"ಚೀಟಿ ನಿಂದು, ಸಹಿ ನಿಂದು. ಅಂಟಸಾಕ ಎಷ್ಟೊತ್ತ ಬೇಕು?"

"ಕಾಕಾ, ಇದಕ್ಕ ಚಿತ್ರ ತೋರಸಾಕ ಬ್ಯಾರೆ ಕಾರ್ಡ ಇಲ್ಲ. ಬೋರ್ಡಿನ ಮ್ಯಾಲಿನ ಚಿಪ್ಪು ಈ ಮೆಮರಿಯಾಗಿಂದನ ತನ್ನ ಪಾಲು ತಗೋತೈತಿ. ಮದಲ ಎಂಟ ಇಟ್ಟಿದ್ದೆ. ಹೋದ ವಾರ ಇವನ ಅಂದ, ಲೇ ಹೊಸಾ ಆಟ ತಂದೇನಿ, ಪಿಚ್ಚರ ಚಲೋ ಬರೂವಂಗ ಮಾಡಿ ಕೊಡು ಅಂತ. ಅದಕ್ಕ ಅರವತ್ನಾಕ ಮಾಡಿದೆ. ಹೌದಿಲ್ಲೋ ವಿಜಯಾ?"

ಎಲ್ಲರೂ ವಿಜಯನ ಕಡೆ ತಿರುಗಿದರು. ಅವನು ಹಾಗೆ ಹೇಳಿದ್ದು ನಿಜ.

"ಪಿಚ್ಚರ ಚಲೋ ಮಾಡು ಅಂದಿದ್ದೆ," ಅಂದ ವಿಜಯ. "ಮೆಮರಿ ತಗಿ ಅಂದಿದ್ದಿಲ್ಲ."

ಬಾಳು ನಿಜಗುಣಪ್ಪನ ಕಡೆ ತಿರುಗಿದ. "ಪಾಲು ದೊಡ್ಡದ ಕೊಟ್ಟರ ಆಟಕ್ಕ ಉಳಿಯೂದು ಕಡಿಮಿ, ಅದಕ್ಕ ನಿಂತ ನಿಂತ ಓಡತೈತಿ. ಸಣ್ಣದ ಕೊಟ್ಟರ ಆಟ ಸುರುನ ಆಗೂದಿಲ್ಲ. ಖರೆ ಅಂದ್ರ ಈ ಆಟಕ್ಕ ಈ ಪೆಟ್ಟಿಗಿ ಸಾಲೂದಿಲ್ಲ. ಬ್ಯಾರೆ ಗ್ರಾಫಿಕ್ಸ್ ಕಾರ್ಡ ಹಾಕಬೇಕು."

"ಹಾಂ, ಬಂತ ನೋಡು!" ನಿಜಗುಣಪ್ಪ ಚಪ್ಪಾಳೆ ತಟ್ಟಿದ. "ತಾನ ಕಡಿಮಿ ಮಾಡೂದು, ತಾನ ಇನ್ನೊಂದ ಮಾರೂದು. ತಮ್ಮಾ, ಮೂವತ್ತ ವರ್ಷ ಆತು ನಾ ಮಾರ್ಕೆಟ್ಟಿನಾಗ."

ಬಾಳುವಿನ ಕಿವಿ ಕೆಂಪಾದವು. ಅವನು ಪಟ್ಟಿಯನ್ನು ಮತ್ತೆ ಕೂಡಿಸಿ ಕಂಪ್ಯೂಟರ್ ಚಾಲೂ ಮಾಡಿ ಒಂದು ಗುಂಡಿಯನ್ನು ಬಿಡದೆ ಒತ್ತಿದ. ನೀಲಿ ಪರದೆ ಬಂತು. ಅದರೊಳಗೆ ಒಂದು ಸಾಲಿನ ಮುಂದೆ ೬೪ ಇತ್ತು. "ಇಲ್ಲಿ ನೋಡ್ರಿ, ನಿಮ್ಮ ಅರವತ್ನಾಕು." ಅದನ್ನು ೮ ಮಾಡಿ ಉಳಿಸಿದ. ಕಂಪ್ಯೂಟರ್ ಮತ್ತೆ ಶುರುವಾದಾಗ ವಿಜಯನೇ ಮೈ ಕಂಪ್ಯೂಟರ್ ತೆರೆದ. ೨೪೮.

ನಿಜಗುಣಪ್ಪ ಕನ್ನಡಕ ಹಾಕಿಕೊಂಡು ಪರದೆಗೆ ಮೂಗು ತಾಗುವಷ್ಟು ಬಗ್ಗಿದ.

"ಎಂಟ ಇನ್ನೂ ಕಡಿಮಿ ಐತಿ."

"ಪರದೆ ಕಾಣಬೇಕಲ್ರಿ ಕಾಕಾ. ಅದಕ್ಕ ಎಂಟ ಹೋಗತಾವು."

ಇಲ್ಲಿ ವಿಜಯ ಎಣಿಸದ್ದು ನಡೆಯಿತು. ಅಪ್ಪನ ಮುಖ ಸಡಿಲಾಯಿತು. ಮಾರ್ಕೆಟ್ಟಿನಲ್ಲಿ ಹತ್ತಿ ತೂಗುವಾಗ ಕಸ, ತೇವ ಅಂತ ದಲಾಲರು ಒಂದಿಷ್ಟು ತೂಕ ಕಡಿದುಕೊಳ್ಳುತ್ತಾರೆ. ಅದಕ್ಕೆ ಸೂಟು ಅನ್ನುತ್ತಾರೆ. ನಿಜಗುಣಪ್ಪ ಮೂವತ್ತು ವರ್ಷ ಅದನ್ನೇ ಕಡಿದಿದ್ದ.

"ಎಂಟಂದ್ರ ಸೂಟು," ಅಂದ. "ಅದು ಇರತೈತಿ. ಮದಲ ಹಂಗ ಹೇಳಬೇಕಿಲ್ಲೋ? ಸೂಟು ಎಂಟ ಹಿಡಿ, ಬ್ಯಾಡ ಅನ್ನೂದಿಲ್ಲ. ಅರವತ್ನಾಕ ಹಿಡದರ ಅದು ಕಳವು."

ಸಾವಿತ್ರೆವ್ವ ಒಳಗೆ ಹೋಗಿ ಚಹಾಕ್ಕೆ ಇಟ್ಟಳು.

"ಅಲ್ಲೋ ಬಾಳು, ಇದನ್ನ ಯಾರರೆ ಮತ್ತ ತಿರುವಿದರ?" ಅಂದ ನಿಜಗುಣಪ್ಪ.

"ಕೀಲಿ ಹಾಕಬಹುದ್ರಿ. ಪಾಸ್‌ವರ್ಡ್ ಅಂತಾರ."

"ಹಾಕು. ಸೊಸೈಟಿ ಆರಕ್ಕೂ ಹಾಕು. ಜೋಡಸೂ ಮುಂದ ನಮ್ಮ ಮುದಕಪ್ಪ ನಿನ್ನ ಅಂಗಡ್ಯಾಗ ಕುಂದರತಾನ. ಸಿಟ್ಟ ಮಾಡಕೋಬ್ಯಾಡ, ನಿನ್ನ ಮ್ಯಾಲೆ ಸಂಶೆ ಅಂತಲ್ಲ."

"ಇಲ್ಲ ತಗೋರಿ," ಅಂದ ಬಾಳು. ಮುದಕಪ್ಪ ನಿಜಗುಣಪ್ಪನ ಅಂಗಡಿಯ ಹಮಾಲ. ಅವನಿಗೆ ಕಂಪ್ಯೂಟರಿನ ಹಿಂದುಮುಂದು ಗೊತ್ತಿರಲಿಲ್ಲ. ಬಾಳು ಪರದೆಗೆ ಮೈ ಅಡ್ಡ ಇಟ್ಟು ಕೀಲಿ ಹಾಕಿದ. ಚಹಾ ಬರುವ ಮೊದಲೇ ಹೊರಟ.

ವಿಜಯ ಸಿ.ಡಿ. ಹಾಕಿ ನೋಡಿದ. ಆಟ ಶುರುವಾಗಲಿಲ್ಲ. ವಿಡಿಯೋ ಮೆಮರಿ ಸಾಲದು ಎಂದು ಪರದೆಯ ನಡುವೆ ಸಣ್ಣ ಚೌಕ ಬಂತು. ಅವನು ಚಪ್ಪಲಿ ಮೆಟ್ಟಿಕೊಂಡು ಓಡಿದ. ಬಾಳು ಓಣಿಯ ತಿರುವಿನಲ್ಲಿ ಸಿಕ್ಕ.

"ದೋಸ್ತ, ಆ ಪಾಸ್‌ವರ್ಡ್ ಹೇಳಲೇ. ಮೂವತ್ತೆರಡ ಇಟ್ಟ ನೋಡತೇನಿ. ಆಡೂದ ಮುಗಿದ ಮ್ಯಾಲೆ ಮತ್ತ ಎಂಟ ಮಾಡತೇನಿ. ಅಪ್ಪಗ ಗೊತ್ತಾಗೂದಿಲ್ಲ."

"ನಿಮ್ಮಪ್ಪ ನಾಳೆ ಮುಂಜಾನೆ ಎದ್ದ ಕೂಡಲೆ ಅದನ್ನ ನೋಡತಾನ. ಕಡಿಮಿ ಕಂಡರ ಮತ್ತ ನಾನ ಕಳ್ಳ."

"ನಾ ಹೇಳತೇನಿ ಬಿಡು, ನಾನ ಮಾಡೇನಿ ಅಂತ."

"ಹೇಳತಿ?" ಬಾಳು ಅವನ ಮುಖ ನೋಡಿದ. "ಈಗ ಅಲ್ಲೆ ಕೇಳಿದ್ನೆಲ್ಲ, ಹೌದಿಲ್ಲೋ ವಿಜಯಾ ಅಂತ. ಅವಾಗ ಏನ ಹೇಳಿದಿ?"

ವಿಜಯ ಮನೆಯ ಕಡೆ ತಿರುಗಿ ನೋಡಿದ.

"ಹಳೇದ ಆಡು. ಎಂಟರಾಗ ಅದು ಚಲೋ ಓಡತೈತಿ," ಅಂದು ಬಾಳು ಬಸ್‌ಸ್ಟ್ಯಾಂಡಿನ ಕಡೆ ನಡೆದ.