ಉಪ್ಪು ನೋಡುವವರು

ನೌಪಾಡಾದ ಹೋಟೆಲಿನ ಅಡುಗೆಮನೆ ಬಾಗಿಲಲ್ಲಿ ನಿಂತು ಡಾ. ಹರಿಣಾಕ್ಷಿ ಕಣ್ಣಾರೆ ಕಂಡಳು. ಹೋಟೆಲಿನ ಮಾಲೀಕರಾದ ಅವಳ ಸೋದರಮಾವ ದೇಜಪ್ಪ ಬಿಸಿ ಬಿಸಿ ಉದ್ದಿನ ವಡೆ ಮುರಿದು ಬಾಯಿಗೆ ಹಾಕಿಕೊಂಡರು. ಅದರ ಹಿಂದೆಯೇ ತುಪ್ಪ ಸುರಿಯುವ ಶಿರಾ ಒಂದು ಚಮಚ ಹೋಯಿತು.

"ಮಾವ!"

"ಓ, ಹರಿಣಿ! ಇಷ್ಟು ಬೆಳಿಗ್ಗೆ ಎಂತ ಮಾರಾಯ್ತಿ?"

"ಎಣ್ಣೆಯದ್ದು ಮುಟ್ಟುವುದೇ ಇಲ್ಲ ಅಂತ ನನ್ನ ಕ್ಲಿನಿಕ್ಕಲ್ಲಿ ಕೂತು ಹೇಳಿದ್ದು ಯಾರು?"

"ನಾನು ತಿಂದದ್ದಲ್ಲ, ರುಚಿ ನೋಡಿದ್ದು." ಅವರ ಮುಖದಲ್ಲಿ ಅಳುಕಿನ ಸುಳಿವೂ ಇರಲಿಲ್ಲ. "ನನ್ನ ತಿಂಡಿ ಗಲ್ಲಾದ ಹತ್ರ ಉಂಟು ನೋಡು. ನಿನ್ನ ಅತ್ತೆ ಕಟ್ಟಿದ ಗಂಜಿ."

ಡಬ್ಬಿ ಇದ್ದದ್ದು ನಿಜ. ಹರಿಣಾಕ್ಷಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಒಂದು ವರ್ಷದಿಂದ ಮಾವನ ಕೊಲೆಸ್ಟರಾಲ್ ಇಳಿಯದೆ ಅವಳು ಮಾತ್ರೆ ಬದಲಿಸಿದ್ದಳು, ಲ್ಯಾಬಿನವರ ಜೊತೆ ಜಗಳವಾಡಿದ್ದಳು. ಎಲ್ಲರ ಮೇಲೂ ಅನುಮಾನಪಟ್ಟವಳು ಮಾವನನ್ನು ಮಾತ್ರ ನಂಬಿದ್ದಳು. ಬೆಳಗಿನಿಂದ ಹೋಟೆಲ್ ಮುಚ್ಚುವವರೆಗೆ ಬಾಣಲೆಯಿಂದ ಇಳಿದದ್ದೆಲ್ಲ ಮೊದಲು ಈ ಬಾಯಿಗೆ ಬೀಳುತ್ತಿತ್ತೆಂದು ಯಾರಿಗೆ ಗೊತ್ತಿತ್ತು!

ದೊಡ್ಡ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಹೃದಯದ ಕಟ್ಟಿಕೊಂಡ ರಕ್ತನಾಳ ಬಿಡಿಸಿ ಬಿಡಿಸಿ ಬೇಸತ್ತು, ಜನ ಆ ಆಪರೇಷನ್ ಟೇಬಲ್ಲಿಗೆ ಬರುವುದನ್ನೇ ತಪ್ಪಿಸುತ್ತೇನೆಂದು ಐರೋಲಿಯಲ್ಲಿ ಕ್ಲಿನಿಕ್ ತೆರೆದವಳು ಅವಳು. ಡೊಂಬಿವಲಿ, ಕಲ್ಯಾಣದ ಕನ್ನಡ ಸಂಘಗಳಲ್ಲಿ ಎಣ್ಣೆ, ಉಪ್ಪು ಇಳಿಸಿ ಎಂದು ಗಂಟಲು ಹರಿಯುವಂತೆ ಮಾತಾಡಿದ್ದಳು. ಜನ ಚಪ್ಪಾಳೆ ತಟ್ಟಿ, ಸೀದಾ ಹೊರಗಿಟ್ಟ ಬಟಾಟೆ ವಡೆಗೆ ಸಾಲು ನಿಲ್ಲುತ್ತಿದ್ದರು. ಆಗದೇ ಹೋದ ಹಾರ್ಟ್ ಅಟ್ಯಾಕಿಗೆ ಡಾಕ್ಟರಿಗೆ ಯಾರೂ ಹಾರ ಹಾಕುವುದಿಲ್ಲ.

"ಅಡುಗೆ ಮಾಡುವ ಅಂಗಾರನೇ ರುಚಿ ನೋಡ್ಲಿ."

"ಅವನ ಬಾಯಲ್ಲಿ ಸದಾ ತಂಬಾಕು. ಆ ನಾಲಗೆಗೆ ಸಮುದ್ರದ ನೀರೂ ಸಪ್ಪೆ."

"ನಿಮ್ಮ ಮಗ ಅಕ್ಷಿತ್ ಇಲ್ವಾ?"

"ಅವನಿಗೆ ಎಂತ ಕೊಟ್ರೂ 'ಮಸ್ತ್ ಆಹೆ ಪಪ್ಪಾ', ಎಲ್ಲವೂ ಭಾರೀ ಚಂದ ಅಂತೆ. ಗಿರಾಕಿ ಹಾಗೆ ಹೇಳ್ಬೇಕಲ್ಲ!"

"ಮಾವ, ನಿಮ್ಮ ಹಾರ್ಟಿನ ಸ್ಟ್ರೆಸ್ ಟೆಸ್ಟ್ ಸರಿ ಬರ್ಲಿಲ್ಲ. ಅದನ್ನು ಹೇಳ್ಲಿಕ್ಕೇ ಬಂದದ್ದು. ಹೀಗೇ ಹೋದ್ರೆ ಒಂದು ದಿನ ಇಲ್ಲಿಯೇ ಬೀಳ್ತೀರಿ. ಅತ್ತೆಗೆ ನಾನು ಎಂತ ಹೇಳ್ಲಿ?"

ನೂರಾರು ಜನರಿಗೆ ನಿರಾಳವಾಗಿ ಹೇಳಿದ್ದ ಮಾತು; ಇವತ್ತು ಹೇಳಿದ್ದು ಸ್ವಂತ ಮಾವನಿಗೆ. ದೇಜಪ್ಪನವರ ನಗು ನಿಂತಿತು. ಅವರು ಗಲ್ಲಾದ ಬಳಿ ಬಂದು ಕುಳಿತು, ಗಂಜಿಯ ಡಬ್ಬಿಯನ್ನು ಅತ್ತಿತ್ತ ತಿರುಗಿಸಿದರು.

ಅಷ್ಟರಲ್ಲಿ ಅಂಗಾರ ಸ್ಟೀಲ್ ಬಟ್ಟಲು ಹಿಡಿದು ಬಂದ. "ಸೇಠ್, ಸಾಂಬಾರ್."

ಅಭ್ಯಾಸಬಲದಿಂದ ದೇಜಪ್ಪನವರ ಕೈ ಮುಂದೆ ಹೋಯಿತು. ನಡುವೆಯೇ ತಡೆದು ಬಟ್ಟಲನ್ನು ಅವಳ ಕಡೆ ತಳ್ಳಿದರು. "ನೀನು ನೋಡು. ಸುಳ್ಳು ಹೇಳದ ನಾಲಗೆ ಒಂದು ಸಿಕ್ಕಿದ್ರೆ ನಾನು ರುಚಿ ನೋಡುವುದು ಬಿಡ್ತೇನೆ. ಆದ್ರೆ ಸುಳ್ಳು ಹೇಳಿದ್ರೆ ನಂಗೆ ವಾಸನೆಯಲ್ಲೇ ಗೊತ್ತಾಗ್ತದೆ, ನೆನಪಿರ್ಲಿ."

ಹರಿಣಾಕ್ಷಿ ಚಮಚ ಬಾಯಿಗಿಟ್ಟಳು. ಹುಳಿ ಸರಿಯಿತ್ತು, ಇಂಗು ಸರಿಯಿತ್ತು. ಗಲ್ಲಾದ ಹಿಂದಿನ ಗೋಡೆಯಲ್ಲಿ ಅವಳೇ ಅಂಟಿಸಿದ್ದ ಪೋಸ್ಟರ್: 'ಉಪ್ಪು ಇಳಿಸಿ, ಹೃದಯ ಉಳಿಸಿ.' ಅರ್ಧ ಎತ್ತಿದ ಶಟರ್ ಕೆಳಗೆ, ಟ್ರೇನಿಗೆ ಮೊದಲು ಇಡ್ಲಿ ತಿನ್ನಲು ಬಂದವರ ಕಾಲುಗಳು ಆಗಲೇ ಕಾಣುತ್ತಿದ್ದವು. ಉಪ್ಪೂ ಸರಿಯಿದೆ ಎಂದುಬಿಟ್ಟರೆ ನೌಪಾಡಾದ ಅಷ್ಟೂ ಜನರಿಗೆ ಒಳ್ಳೆಯದೇ. ಮಾವ ರೆಪ್ಪೆ ಮಿಟುಕಿಸದೆ ಅವಳನ್ನೇ ನೋಡುತ್ತಿದ್ದರು.

"ಉಪ್ಪು ಸಾಲದು," ಎಂದಳು.

ಅಂಗಾರ ಒಳಗೆ ಹೋಗಿ ಹಂಡೆಗೆ ಮುಷ್ಟಿ ತುಂಬ ಉಪ್ಪು ಸುರಿದ. ದೇಜಪ್ಪ ಗಂಜಿಯ ಡಬ್ಬಿಯ ಮುಚ್ಚಳ ತೆಗೆದರು.

"ನಾಳೆಯೂ ಇಷ್ಟು ಹೊತ್ತಿಗೇ ಬಾ," ಎಂದರು. "ಚಟ್ನಿಯಿಂದ ಶುರು."

ಹರಿಣಾಕ್ಷಿಯ ಕೈಯಲ್ಲಿ ಚಮಚ ಹಾಗೆಯೇ ಇತ್ತು.