ವಾಲಿಬಾಲ್ ಬಿಟ್ಟ ಹುಡುಗಿ

ಮಕ್ಕಳು ಹತ್ತನೇ ತರಗತಿಗೆ ಬಂದ ಕೂಡಲೇ ಆಟಕ್ಕೆ ಬೀಗ ಹಾಕುವ ಮನೆಗಳು ಎಷ್ಟಿಲ್ಲ? ಟೈಲರಮ್ಮನಿಗೆ ಆ ಶ್ರಮವೂ ಬೇಕಾಗಲಿಲ್ಲ. ಶಾಲೆಯ ಪಂದ್ಯದಲ್ಲಿ ಹತ್ತನೇ ತರಗತಿಯ ಮಗಳು ಹೊಡೆದ ಕೊನೆಯ ಸರ್ವೀಸ್ ನೆಟ್ಟಿಗೆ ಬಡಿದು ತಂಡ ಸೋತಿತು. "ನಾನಿನ್ನು ವಾಲಿಬಾಲ್ ಆಡಲ್ಲ" ಎಂದು ಅವಳೇ ಹೇಳಿಬಿಟ್ಟಳು.

ಟೈಲರಮ್ಮನಿಗೆ ಒಳಗೊಳಗೇ ಖುಷಿ. ಇನ್ನಾದರೂ ಓದುತ್ತಾಳೆ! ಬಟ್ಟೆ ಕಂಡರೆ ಸುಮ್ಮನಿರದ ಕೈ ಅವಳದು; ಮಗಳ ಜೆರ್ಸಿ ಕತ್ತರಿಸಿ ಹೊಲಿಗೆ ಮೆಷಿನ್ನಿಗೆ ಮುಸುಕು ಹೊಲಿದಳು. ಮಗಳು ನೋಡಿದಳು. ಜಗಳವಾಡಲಿಲ್ಲ, ಅಳಲೂ ಇಲ್ಲ. ಅಂದಿನಿಂದ ಪುಸ್ತಕವೇನೋ ತೆರೆದಿರುತ್ತಿತ್ತು, ಪುಟ ಮಾತ್ರ ತಿರುಗುತ್ತಿರಲಿಲ್ಲ. ಗಿರಾಕಿ ಬಂದರೆ ಪರದೆಯ ಹಿಂದೆ ಸರಿಯುತ್ತಿದ್ದಳು.

ಒಂದು ದಿನ ಪಕ್ಕದ ಮನೆಯ ನರ್ಸಕ್ಕ ಅಂಗಿಯ ತೋಳು ಸಡಿಲ ಮಾಡಿಸಲು ಬಂದಳು. ಮುಸುಕಿನ ಮೇಲಿದ್ದ ಆಟದ ನಂಬರ್ ಕಣ್ಣಿಗೆ ಬಿತ್ತು.

"ಏನೇ, ನಿನ್ನ ಮೆಷಿನ್ ಯಾವಾಗ ಟೀಮಿಗೆ ಸೇರ್ತು?"

"ಅವಳೇ ಬಿಟ್ಟಳು ಕಣಕ್ಕ, ನಾನೇನು ಬಿಡಿಸಿದ್ನಾ? ಆಡ್ತಾ ಕೂತ್ರೆ ಪರೀಕ್ಷೆ ಯಾರು ಬರೀತಾರೆ, ನೀನಾ?"

"ನಾನು ಬರೆದ್ರೆ ಇಬ್ಬರೂ ಫೇಲು! ಅದಿರ್ಲಿ, ಅವಳು ಬೇಜಾರಾಗಿ ಬಿಟ್ಟಳೋ, ನಾಚಿಕೆಯಾಗಿ ಬಿಟ್ಟಳೋ? ಕೇಳಿದ್ಯಾ?"

ಟೈಲರಮ್ಮ ಅಂಗಿಯ ತೋಳಿನ ಹೊಲಿಗೆ ಬಿಚ್ಚತೊಡಗಿದಳು.

"ನಿನ್ನ ಹತ್ರ ಕಲಿಯೋರು ಹೊಲಿಗೆ ಸೊಟ್ಟ ಹಾಕಿದ್ರೆ ಮನೆಗೆ ಕಳಿಸ್ತೀಯಾ?"

"ಯಾಕೆ ಕಳಿಸ್ಲಿ? ಬಿಚ್ಚಿ ಮತ್ತೆ ಹೊಲಿ ಅಂತೀನಿ."

"ಮಗಳಿಗೂ ಅದನ್ನೇ ಹೇಳು. ಸೋತು ಮತ್ತೆ ನಿಲ್ಲೋದು ಕಲಿತ್ರೆ ಪರೀಕ್ಷೆಗೂ ಧೈರ್ಯ ಬರುತ್ತೆ. ಆಟಕ್ಕಿಷ್ಟು ಹೊತ್ತು, ಓದಿಗಿಷ್ಟು ಹೊತ್ತು ಅಂತ ಇಬ್ಬರೂ ಕೂತು ಮಾತಾಡ್ಕೊಳ್ಳಿ. ಆಡಿ ಬಂದ್ಮೇಲೆ ಗೆದ್ಯಾ ಅನ್ಬೇಡ, ಹೇಗಿತ್ತು ಅನ್ನು."

ನರ್ಸಕ್ಕ ಹೋದ ಮೇಲೆ ಟೈಲರಮ್ಮ ಮುಸುಕು ಬಿಚ್ಚಿ, ತುಂಡು ಸೇರಿಸಿ ಮತ್ತೆ ಜೆರ್ಸಿ ಮಾಡಿ ಮಗಳ ಕೈಗಿಟ್ಟಳು.

"ಕೇಳದೆ ಕತ್ತರಿ ಹಾಕ್ದೆ, ತಪ್ಪಾಯ್ತು ಕಣೇ. ನಿಂಗೆ ಆಡೋ ಆಸೆ ಇದ್ಯಾ?"

"ಇದೆ. ಆದ್ರೆ ಎಲ್ಲಾ ನಗ್ತಾರಮ್ಮ."

"ನಗ್ಲಿ ಬಿಡು. ನಾನೂ ಬಂದು ಕೂತ್ಕೋತೀನಿ, ಇಬ್ಬರನ್ನೂ ನೋಡಿ ನಗ್ಲಿ."

ಮರುದಿನ ಅಂಗಡಿ ಬೇಗ ಮುಚ್ಚಿ ಮೈದಾನಕ್ಕೆ ಹೋದಳು. ಮಗಳ ಮೊದಲ ಸರ್ವೀಸ್ ಮತ್ತೆ ನೆಟ್ಟಿಗೆ! ಯಾರೋ ಕಿಸಕ್ಕೆಂದರು. ಟೈಲರಮ್ಮ ಕೂತಲ್ಲಿಂದ ಕದಲಲಿಲ್ಲ. ಮಗಳು ಅಂಗೈ ಒರೆಸಿಕೊಂಡು, ಮೈದಾನದ ಆ ತುದಿಗೂ ಕೇಳುವಂತೆ ಕೂಗಿದಳು: "ಸರ್, ಇನ್ನೊಂದು ಬಾಲ್ ಕೊಡಿ!"

ಟೈಲರಮ್ಮ ಬೆರಗಾಗಿ ನೋಡಿದಳು. ಇಂಥ ಗಟ್ಟಿಗಿತ್ತಿ ತನ್ನ ಮನೆಯಲ್ಲೇ ಇದ್ದಳೇ!

ಅಪ್ಪಂದಿರೇ, ಅಮ್ಮಂದಿರೇ, ನಿಮ್ಮ ಮಗುವೂ ಆಟವನ್ನೋ ಹಾಡನ್ನೋ ನಾಟಕವನ್ನೋ ಬಿಟ್ಟು ಮೂಲೆ ಸೇರಿದ್ದರೆ, "ಒಳ್ಳೆಯದೇ ಆಯ್ತು" ಅನ್ನುವ ಮುಂಚೆ ಪಕ್ಕದಲ್ಲಿ ಕೂತು ಕಾರಣ ಕೇಳಿ. ಒಂದು ಸಂಜೆಯಾದರೂ ಕೆಲಸ ಬದಿಗಿಟ್ಟು ನೋಡಲು ಹೋಗಿ. ಮಗು ತಪ್ಪಿದಾಗ ಎದ್ದು ಹೋಗಬೇಡಿ. ಅಲ್ಲೇ ಕೂತಿರಿ.